ಗುಡ್ಡದಾಚೆಯ ಕೂಲಿ

ಆ ಕೊಲ್ಲಿಯ ಊರಿನಲ್ಲಿ ಚಳಿಗಾಲದ ಕೆಲಸ ಎಂದರೆ ತಕ್ ಯಜಮಾನನ ಶೆಡ್ಡು ಒಂದೇ. ಹೆಂಗಸರು ನಸುಕಿನಿಂದ ನಿಂತು ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯಬೇಕು. ಕಿಲೋ ಲೆಕ್ಕದಲ್ಲಿ ಕೂಲಿ. ಸಿಂಪಿಯ ಬೆಲೆ ವರ್ಷವರ್ಷವೂ ಏರಿತು, ಕೂಲಿ ಮಾತ್ರ ಕದಲಲಿಲ್ಲ. ಗುಡ್ಡದಾಚೆಯ ಬಂದರಿನಲ್ಲಿ ನಾಲ್ಕಾರು ಶೆಡ್ಡುಗಳು ಆಳು ಸಾಲದೆ ಪೈಪೋಟಿಗೆ ಬಿದ್ದು ಹೆಚ್ಚು ಕೊಡುತ್ತಿದ್ದವು. ಆದರೆ ನಸುಕಿನ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಊರಲ್ಲಿದ್ದ ಒಂದು ವ್ಯಾನೂ ತಕ್‌ನದೇ.

ಬಾಯಿ ಮುಚ್ಚಿಸುವುದರಲ್ಲಿ ಅವನು ನಿಸ್ಸೀಮ. ವರ್ಷಕ್ಕಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ಕಾಲ ಬಂತೆಂದರೆ ಮನೆಮನೆ ಬಾಗಿಲಿಗೂ ಒಂದೊಂದು ಬುಟ್ಟಿ ಸಿಂಪಿ ಕಳಿಸುತ್ತಿದ್ದ. ಅವನ ಸಿಂಪಿ ಹಾಕಿದ ಕಿಮ್ಚಿಯನ್ನು ವರ್ಷವಿಡೀ ತಿಂದು ಕೂಲಿ ಜಾಸ್ತಿ ಮಾಡಿ ಎನ್ನಲು ಯಾರಿಗೆ ನಾಲಗೆ ಏಳುತ್ತದೆ?

ಈ ಸಲ ಶೆಡ್ಡಿನ ಕೂಲಿಯವಳಾದ ಸುನಿಮ್ ತನ್ನ ಬುಟ್ಟಿಯನ್ನು ಹೊತ್ತು ತಂದು ಶೆಡ್ಡಿನ ಮೇಜಿನ ಮೇಲೆ ಕುಕ್ಕಿದಳು.

“ಇದು ಬೇಡ ಯಜಮಾನ್ರೇ. ಆಚೆ ಕೊಡೋಷ್ಟು ಕೂಲಿ ಕೊಡಿ.”

“ಆಚೆಗೇ ಹೋಗಿ ಹಾಗಾದ್ರೆ. ನಡ್ಕೊಂಡು ಹೋದ್ರೆ ಮಧ್ಯಾಹ್ನದ ಊಟಕ್ಕೆ ತಲುಪ್ತೀರಿ,” ಎಂದು ತಕ್ ನಕ್ಕ. ಮರುದಿನ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು.

ಸುನಿಮ್‌ಗೆ ಮೈಯೆಲ್ಲ ಉರಿದುಹೋಯಿತು. ಚಳಿಗಾಲದ ಅನ್ನಕ್ಕೇ ಕಲ್ಲು ಬಿದ್ದಿತ್ತು. ಅರವತ್ತು ದಾಟಿದವಳು ತಮ್ಮನ ಹಳೇ ಪುಟ್ಟ ಟ್ರಕ್ಕನ್ನು ಕಾಡಿಬೇಡಿ ತಂದು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದೂ ಹೊಡೆದೂ ಕಡೆಗೆ ಲೈಸೆನ್ಸ್ ಗಿಟ್ಟಿಸಿಕೊಂಡಳು. ಗುಡ್ಡದಾಚೆಯ ಕೆಲಸಕ್ಕೆ ಹೊರಟಾಗ ಪಕ್ಕದ ಒಂದೇ ಸೀಟಿಗೆ, ತಕ್‌ನ ಶೆಡ್ಡು ಬಿಟ್ಟು, ನೆರೆಮನೆಯ ಗುಮ್ಜಾ ಹತ್ತಿದಳು.

“ಅಕ್ಕಾ, ಗುದ್ದೋದಿದ್ರೆ ತಕ್‌ನ ವ್ಯಾನಿಗೇ ಗುದ್ದು!”

ಗುಮ್ಜಾ ತಂದ ಕೂಲಿಯ ಸುದ್ದಿ ಊರೆಲ್ಲ ಹಬ್ಬಿತು. ಇನ್ನಿಬ್ಬರು ತಾವೂ ಗಾಡಿ ಕಲಿಯುತ್ತೇವೆಂದು ಹೊರಟರು. ಆಗ ತಕ್ ಸುನಿಮ್‌ಳ ಮನೆಗೇ ಬಂದ.

“ಸುನಿಮಕ್ಕಾ, ಆಚೆ ಕೊಡೋಷ್ಟೇ ನಿಮಗೂ ಕೊಡ್ತೀನಿ. ಬೇರೆಯವರ ಕಿವಿಗೆ ಮಾತ್ರ ಹಾಕ್ಬೇಡಿ.”

“ಕೊಟ್ರೆ ಎಲ್ರಿಗೂ ಕೊಡಿ. ಗುಟ್ಟೆಲ್ಲ ನನ್ನ ಬಾಯಲ್ಲಿ ನಿಲ್ಲಲ್ಲ.”

ಅವನು ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಏರಿಸಿದ. ಗುಮ್ಜಾ ಸಂತೋಷದಿಂದ ಹಳೆಯ ಮೇಜಿಗೆ ಮರಳಿದಳು. ಸುನಿಮ್ ಮಾತ್ರ ಮರುದಿನವೂ ಟ್ರಕ್ಕು ಹತ್ತಿದಳು.

“ಈಗ ಎರಡೂ ಕಡೆ ಒಂದೇ ಕೂಲಿ. ನಿನ್ನ ಜಾಗಾನೂ ಬಿಟ್ಕೊಟ್ಟಿದಾನೆ. ಇನ್ನೂ ಯಾಕಕ್ಕಾ ಈ ಹುಚ್ಚು?” ಎಂದು ಗುಮ್ಜಾ ದಾರಿಗೆ ಅಡ್ಡ ನಿಂತಳು.

“ನಾನು ಹೋಗೋದು ನಿಲ್ಸಿದ ದಿನ ನಿಮ್ಮ ಕೂಲಿ ಇಳಿಯುತ್ತೆ ಕಣೇ.”

ಗೆಳತಿಯರ ಜೊತೆ ಹರಟುತ್ತಾ ಕೆಲಸ ಮಾಡುವ ಆಸೆ ಅವಳಿಗೂ ಇತ್ತು, ತುಂಬ ಇತ್ತು. ಆದರೂ ಶೆಡ್ಡಿನ ಮುಂದೆ ಹಾಯುವಾಗ ತಕ್‌ಗೆ ಕೇಳಿಸಲೆಂದು ಉದ್ದಕ್ಕೆ ಹಾರ್ನ್ ಒತ್ತಿ, ಒಬ್ಬಳೇ ಗುಡ್ಡ ಹತ್ತಿದಳು.