ದಾನವಲ್ಲ, ಪಾಲು

ಸೊಸೆ ಮನೆಯೊಳಗೆ ನುಗ್ಗಿದ ಚರಂಡಿ ನೀರನ್ನು ಚೊಂಬಿನಲ್ಲಿ ತುಂಬಿ ಹೊಸಿಲಾಚೆ ಚೆಲ್ಲುತ್ತಿದ್ದಳು. ಹೊಲಿಗೆ ಯಂತ್ರದ ಕಾಲು ನೀರಲ್ಲಿ ಮುಳುಗಿತ್ತು. ವಾಂತಿಭೇದಿಯಾಗಿ ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದ ಅವಳ ಪುಟ್ಟ ಮಗಳು ಮಂಚದ ಮೇಲೆ ಅಜ್ಜಿಯ ಪಕ್ಕ ಮಲಗಿದ್ದಳು. ಇನ್ನೊಂದು ಸಲ ಹೀಗಾದರೆ ಮಗು ತಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಬೀದಿಯ ಚರಂಡಿ ಒಡೆದು ವರ್ಷವಾಗಿತ್ತು. ಪುರಸಭೆಯಲ್ಲಿ ಯಾವಾಗ ಕೇಳಿದರೂ ಒಂದೇ ಉತ್ತರ: ಅನುದಾನ ಬಂದಿಲ್ಲ.

ಎದುರುಮನೆಯ ಅಕ್ಕ ಪೊರಕೆ ಹಿಡಿದು ನೆರವಿಗೆ ಬಂದಳು. ಪುರಸಭೆಯಲ್ಲಿ ಟೈಪಿಸ್ಟ್ ಅವಳು. ಇನ್ನೇನು ವಾರ್ಡ್ ಸಭೆ ಶುರುವಾಗುತ್ತದೆ, ಹೋಗಿ ಕೇಳು ಎಂದಳು.

ಅತ್ತೆ ಮಂಚದಿಂದಲೇ ನಕ್ಕರು. "ದಾನ ಕೊಟ್ಟ ಎತ್ತಿನ ಹಲ್ಲು ಹಿಡಿದು ನೋಡ್ತಾರೇನೇ? ಕೈ ಚಾಚೋರಿಗೆ ಬಾಯಿ ಜೋರಿರಬಾರದು."

"ಎಲ್ಲಿಯ ದಾನ, ದೊಡ್ಡಮ್ಮ?" ಅಕ್ಕನ ಪೊರಕೆ ನಿಂತಿತು. "ನೀವು ಸೋಪು ಕೊಂಡ್ರೆ ತೆರಿಗೆ. ಇವಳು ದಾರದುಂಡೆ ಕೊಂಡ್ರೆ ತೆರಿಗೆ. ಅನುದಾನ ಅನ್ನೋ ಹೆಸರಲ್ಲಿ ದಾನ ಇದೆ ಅಂತ ನಮ್ಮ ದುಡ್ಡಿಗೆ ನಾವೇ ಭಿಕ್ಷುಕರಾದ್ವಿ."

ಆ ತೆರಿಗೆ ಮೇಲಕ್ಕೆ ಹೋಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಕೇಂದ್ರ ಸರ್ಕಾರ ಅದರಲ್ಲಿ ರಾಜ್ಯಕ್ಕೆ ಪಾಲು ಕೊಡಬೇಕು, ರಾಜ್ಯ ಊರಿಗೆ ಕೊಡಬೇಕು. ಊರು ತಾನೇ ಎತ್ತುವ ಮನೆಕಂದಾಯ, ನೀರಿನ ಕರ ಸಂಬಳಕ್ಕೂ ಸಾಲದು. ಮೇಲಿನವರು ಪಾಲು ಕತ್ತರಿಸಿದರೆ, ತಡೆದರೆ, ಮೊದಲು ನಿಲ್ಲುವುದು ಚರಂಡಿ ಕೆಲಸ. ಕೇಂದ್ರ ರಾಜ್ಯದತ್ತ ಬೆರಳು ತೋರಿಸುತ್ತದೆ, ರಾಜ್ಯ ಕೇಂದ್ರದತ್ತ. ಬಂದದ್ದನ್ನು ಬೇರೆಲ್ಲೋ ಸುರಿದರೂ ಪುರಸಭೆ ಅದೇ ಮಾತು ಹೇಳಿ ಪಾರಾಗುತ್ತದೆ.

ಅತ್ತೆ ಮೊಮ್ಮಗಳ ಹಣೆ ಮುಟ್ಟಿ ನೋಡಿದರು. "ಹಾಗಾದ್ರೆ ಇದು ನಾವೇ ಕೊಂಡ ಎತ್ತು. ಹಲ್ಲೇನು, ಗಂಟಲವರೆಗೂ ನೋಡ್ತೀನಿ. ನನ್ನ ಚಪ್ಪಲಿ ಎಲ್ಲೇ?"

ಚಪ್ಪಲಿ ಮೂಲೆಯಲ್ಲಿ ತೇಲುತ್ತಿತ್ತು.

ತಾನು ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಅಕ್ಕ ಮಗುವಿನ ಬಳಿ ಉಳಿದಳು. ಅತ್ತೆ ಸೊಸೆ ಸಭೆಗೆ ಹೋದರು. ಅಧ್ಯಕ್ಷರು ಅನುದಾನ ಬಂದಿಲ್ಲ ಎಂದರು, ಮುಂದಿನ ವಿಷಯ ಎಂದರು. ನಾಲ್ಕು ಜನರೆದುರು ಎಂದೂ ಮಾತಾಡದ ಸೊಸೆ ಎದ್ದು ನಿಂತಳು.

ಇದನ್ನು ಓದುತ್ತಿರುವವರೇ, ಅವಳು ಈಗ ಕೇಳುವುದನ್ನು ನಿಮ್ಮ ವಾರ್ಡಿನಲ್ಲಿ ನೀವೂ ಕೇಳಿ. ಒಬ್ಬರೇ ಬೇಡ, ಇಡೀ ಬೀದಿ ಹೋಗಿ. ಉತ್ತರ ಬರುವವರೆಗೆ ಕೂರಬೇಡಿ. ಅವಳು ಇನ್ನೂ ನಿಂತೇ ಇದ್ದಾಳೆ.

"ಅನುದಾನ ಅನ್ನಬೇಡಿ, ಸಾರ್. ನಮ್ಮ ಪಾಲು ಎಷ್ಟು, ಬಂದದ್ದು ಎಷ್ಟು, ಉಳಿದದ್ದು ಯಾರ ಹತ್ರ ನಿಂತಿದೆ? ಎಲ್ಲರಿಗೂ ಕೇಳೋ ಹಾಗೆ ಓದಿ ಹೇಳಿ."

ಅಧ್ಯಕ್ಷರು ಫ್ಯಾನಿನ ಕಡೆ ನೋಡಿದರು.