ಸೋಪಿನ ಡಬ್ಬಿಯ ಬಳ್ಳಿ

ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮಧ್ಯಾಹ್ನ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಪ್ರೆಸ್ಸಿನಿಂದ ಸೋಪಿನ ಡಬ್ಬಿಯ ಸ್ಯಾಂಪಲ್ಲೂ ಇವತ್ತೇ ಬರಬೇಕೇ? ನಾವು ಹೊರಡುವ ಮೊದಲೇ ಬಂದುಬಿಟ್ಟರೆ ನನ್ನ ಗತಿ ದೇವರೇ ಬಲ್ಲ.

ನಮ್ಮದು ಇಬ್ಬರದೇ ಕಸುಬು. ಸೋಪು, ಬಿಸ್ಕತ್ತು, ದಿಂಬಿನ ಬಟ್ಟೆ, ಯಾರು ಯಾವುದಕ್ಕೆ ಕೇಳಿದರೂ ಚಿತ್ರ ಅತ್ತೆ ಬರೆಯುತ್ತಾರೆ. ನಾನು ಅದನ್ನು ಕಂಪ್ಯೂಟರಿಗೆ ಹಾಕಿ, ಬಣ್ಣ ತುಂಬಿ, ಅಳತೆಗೆ ಕೂರಿಸಿ ಪ್ರೆಸ್ಸಿಗೆ ಕಳಿಸುತ್ತೇನೆ. ಪೆನ್ನು ಎತ್ತದೆ ಒಂದೇ ಎಳೆಯಲ್ಲಿ ಬಳ್ಳಿ ಎಳೆಯುವ ಕೈ ಅವರದು. ಆ ಕೈ ಈಚೆಗೆ ನಡುಗುತ್ತಿದೆ. ಕಾಗದದ ಮೇಲಿನ ಬಳ್ಳಿ ಚಳಿಜ್ವರ ಬಂದವರ ಹಾಗೆ ಅದುರುತ್ತದೆ. ಪಾಪ, ಬೇಜಾರಾಗಬಾರದು ಅಂತ ನಾನು ಪಿಟಕ್ಕೆನ್ನದೆ ಗೆರೆಯನ್ನೆಲ್ಲ ನಯ ಮಾಡಿ ಕಳಿಸುತ್ತಾ ಬಂದೆ. ಲೋಟದ ನೀರು ತುಳುಕಿದ್ದನ್ನೇ ನೆಪ ಮಾಡಿ, ಗೋಗರೆದು, ಡಾಕ್ಟರಿಗೆ ತೋರಿಸಲು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು.

ಬಾಗಿಲು ಬಡಿದ ಸದ್ದಾಯಿತು. ನಾನು ಓಡುವಷ್ಟರಲ್ಲಿ ಅತ್ತೆಯೇ ಪ್ರೆಸ್ಸಿನವನಿಂದ ಪೊಟ್ಟಣ ಇಸಿದುಕೊಂಡಾಗಿತ್ತು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು.

“ನೋಡೇ, ಗೆರೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಹಳೇ ಕನ್ನಡಕದಲ್ಲಿ ಕುಣಿದ ಹಾಗೆ ಕಾಣ್ತಿತ್ತು, ಅಷ್ಟೇ. ಮೊನ್ನೆ ಹೊಸ ಕನ್ನಡಕ ಬಂತಲ್ಲ, ಈಗ ಎಲ್ಲ ನೆಟ್ಟಗಿದೆ. ಡಾಕ್ಟರಿಗೆ ಫೋನ್ ಮಾಡಿ ಬರಲ್ಲ ಅನ್ನು.”

“ಅತ್ತೆ, ಒಂದ್ಸಲ ತೋರಿಸ್ಕೊಂಡು ಬಂದ್ರೆ ನಿಮ್ಮ ಗಂಟೇನು ಹೋಗತ್ತೆ?”

“ಕೈ ಚೆನ್ನಾಗಿದೆ ಅಂತ ಡಬ್ಬೀನೇ ಹೇಳ್ತಿದೆಯಲ್ಲೇ ಮಹರಾಯ್ತಿ. ಸುಮ್ನೆ ತಲೆ ತಿನ್ಬೇಡ.”

ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನನ್ನ ಮೇಲೆ. ಒಳ್ಳೆಯವಳಾಗಲು ಹೋಗಿ ಎಂಥ ಕೆಲಸ ಮಾಡಿಟ್ಟಿದ್ದೆ. ರೂಮಿನ ಉದ್ದಕ್ಕೂ ಸುಮ್ಮನೆ ಓಡಾಡಿದೆ, ನೀರು ಕುಡಿದೆ, ಮತ್ತೆ ಓಡಾಡಿದೆ. ಕೊನೆಗೆ ಕಪಾಟಿನಿಂದ ಅವರು ಬರೆದ ಕಾಗದವನ್ನೇ ತೆಗೆದು ಡಬ್ಬಿಯ ಪಕ್ಕ ಇಟ್ಟೆ.

ಅತ್ತೆ ಕಾಗದ ನೋಡಿದರು, ಡಬ್ಬಿ ನೋಡಿದರು, ಮತ್ತೆ ಕಾಗದ ನೋಡಿದರು.

“ಯಾವಾಗಿನಿಂದ ತಿದ್ತಿದ್ದೀಯ?”

“ಆ ಬಿಸ್ಕತ್ತಿನ ಡಬ್ಬಿಯಿಂದ.”

“ಅದನ್ನ ಪಕ್ಕದ್ಮನೆಯವಳಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಂಡೆನಲ್ಲೇ. ಆಗಲೂ ಬಾಯಿ ಮುಚ್ಕೊಂಡಿದ್ದೆಯಾ?”

“ನೀವು ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ ಅತ್ತೆ?”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತರು. ತೊಡೆಯ ಮೇಲೆ ಬಲಗೈ ತನ್ನ ಪಾಡಿಗೆ ನಡುಗುತ್ತಿತ್ತು. ಅದನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡರು. ಆ ಎಡಗೈಯೂ ನಡುಗತೊಡಗಿದ್ದನ್ನು ಇಬ್ಬರೂ ನೋಡಿದೆವು.

ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

“ಆ ಕಾಗದ ಮಡಚದೆ ಹಾಗೇ ತಗೋ. ಡಾಕ್ಟರು ಕೇಳಿದ್ರೆ ನಾನು ಏನೂ ಇಲ್ಲ ಅಂತೀನಿ, ನೀನೂ ಹೌದೌದು ಅಂತ ತಲೆ ಆಡಿಸ್ತೀಯ. ನಮ್ಮಿಬ್ಬರನ್ನೂ ನಂಬೋ ಹಾಗಿಲ್ಲ.”