ಎಲ್ಲ ಗೊತ್ತಿದ್ದ ಹೆಂಗಸು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಕ್ಯಾಮೆರಾ ಇರುವ ಆ ಕನ್ನಡಕವನ್ನು ತಂದುಕೊಟ್ಟವನು ಪ್ರಕಾಶನದ ಸಂಪಾದಕ. "ನೀವೇನೂ ಮಾಡೋದು ಬೇಡ ಮೇಡಂ. ಹಾಕ್ಕೊಂಡು ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ. ಪುಸ್ತಕ ಹೇಗೆ ಹುಟ್ಟುತ್ತೆ ಅಂತ ಜನ ನೋಡ್ಲಿ," ಎಂದಿದ್ದ.

ಮೊದಲ ವಾರ ಯಾರೋ ಹೆಗಲ ಮೇಲೆ ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿ ಕುಂಚ ಹಿಡಿದ ಕೈ ಬಿಗಿಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ ಕ್ಯಾಮೆರಾ ಆರಿಸುವುದೇ ಮರೆತುಹೋಗುತ್ತಿತ್ತು. ಬಣ್ಣ ಕಲಸುವುದರ ಜೊತೆಗೆ ಅಡುಗೆಮನೆ, ಬೀದಿ, ಮರೆವಿನ ಕಾಯಿಲೆಯ ಅತ್ತೆಗೆ ಮಾತ್ರೆ ನುಂಗಿಸುವುದು ಎಲ್ಲವೂ ಸಂಪಾದಕನ ಕೈ ಸೇರಿ ವಾರಕ್ಕೊಂದು ವಿಡಿಯೊ ಆಗಿ ಹೊರಬರುತ್ತಿತ್ತು. "ನಿಮ್ಮ ಅತ್ತೆಗೇ ಅಭಿಮಾನಿಗಳು ಜಾಸ್ತಿ ಮೇಡಂ," ಎಂದು ಅವನು ನಗುತ್ತಿದ್ದ. ಅವಳೂ ನಕ್ಕಿದ್ದಳು. ಒಂದು ವಿಡಿಯೊವನ್ನೂ ಕೂತು ನೋಡಿರಲಿಲ್ಲ.

ಆ ಮಂಗಳವಾರ ಗಂಡ ಕೆಲಸಕ್ಕೆ ಹೊರಟ ಮೇಲೆ ಅತ್ತೆ ಎಂದಿನಂತೆ ಒಂದು ನಿದ್ದೆಗೆ ಜಾರಿದರು. ಅವಳು ಬಾಗಿಲಿಗೆ ಬೀಗ ಹಾಕಿ ಕಾಗದ ತರಲು ಪೇಟೆಗೆ ಹೋದಳು. ಮುಕ್ಕಾಲು ಗಂಟೆಯಲ್ಲಿ ಮರಳಿದರೆ ಬೀಗ ತೆರೆದು ಚಿಲಕಕ್ಕೆ ನೇತುಬಿದ್ದಿತ್ತು. ಬಾಗಿಲು ಮುರಿದಿರಲಿಲ್ಲ. ಬಾಗಿಲಾಚೆಯ ಚಪ್ಪಲಿ ಗೂಡಿನ ಹಳೇ ಬೂಟಿನೊಳಗೆ ಅವಳು ಸದಾ ಇಡುತ್ತಿದ್ದ ಎರಡನೇ ಬೀಗದಕೈ ಬೀಗದಲ್ಲೇ ಇತ್ತು.

"ಅತ್ತೇ!"

ಹಾಸಿಗೆ ಮಡಚಿಟ್ಟಿತ್ತು. ಅತ್ತೆ ಯಾವತ್ತೂ ಹಾಸಿಗೆ ಮಡಚಿದವರಲ್ಲ. ಮಾತ್ರೆ ಡಬ್ಬಿಯಲ್ಲಿ ಹತ್ತೂವರೆಯ ಮಾತ್ರೆ ಇರಲಿಲ್ಲ. ಲೋಟ ತೊಳೆದು ಬೋರಲು ಹಾಕಿತ್ತು. ಕಳ್ಳರು ಬಂದು ಮನೆಯೆಲ್ಲ ಚೆಲ್ಲಾಪಿಲ್ಲಿ ಮಾಡಿದ್ದರೂ ಅವಳ ಜೀವ ಅಷ್ಟು ಝಲ್ಲೆನ್ನುತ್ತಿರಲಿಲ್ಲ.

ಗಂಡನಿಗೆ ಫೋನು ಮಾಡುತ್ತಲೇ ಬೀದಿಗೆ ಓಡಿದಳು. ಮೂಲೆ ಅಂಗಡಿಯವನು, "ಅಜ್ಜಿ ಆಗ್ಲೇ ಹೋದ್ರಲ್ಲ, ನಿಮ್ಮ ನಾದಿನಿ ಜೊತೆ. ಕೆರೆ ಕಡೆಗೆ," ಎಂದ.

ಅವಳಿಗೆ ನಾದಿನಿಯೇ ಇರಲಿಲ್ಲ.

ಕೆರೆ ಎಂಬ ಮಾತು ಕೇಳಿದ್ದೇ ಅತ್ತ ತಿರುಗಿದಳು. ಹೇಗೆ ಓಡಿದಳೋ ಅವಳಿಗೇ ತಿಳಿಯದು. ದಂಡೆಯ ಉದ್ಯಾನದ ಕೊನೆಯ ಬೆಂಚಿನಲ್ಲಿ, ನೀರಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ, ಅತ್ತೆ ಕೂತಿದ್ದರು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅವರ ತಲೆ ಬಾಚುತ್ತಿದ್ದಳು. ಆ ಮುಖವನ್ನು ಇವಳು ಹಿಂದೆಂದೂ ಕಂಡಿದ್ದಿಲ್ಲ.

"ಬಂದ್ರಾ?" ಹೆಂಗಸು ತಲೆ ಎತ್ತಿ ಮುಗುಳ್ನಕ್ಕಳು. "ಕೂತ್ಕೊಳಿ, ದಣಿದಿದೀರ. ಮಾತ್ರೆ ಕೊಟ್ಟಿದೀನಿ. ನೀವು ಕೊಡೋ ಹಾಗೇ, ಪುಡಿ ಮಾಡಿ."

"ಯಾರು ನೀವು? ನಮ್ಮ ಮನೆಗೆ ಹೇಗೆ ಬಂದ್ರಿ?"

"ಬೂಟಲ್ಲಿ ಬೀಗದಕೈ ಇಡ್ತೀರಲ್ಲ. ನೀವೇ ತೋರಿಸಿದ್ರಿ." ಆಕೆಯ ದನಿಯಲ್ಲಿ ತಪ್ಪಿತಸ್ಥಳ ಅಳುಕು ಲವಲೇಶವೂ ಇರಲಿಲ್ಲ. "ಹೋದ ವಾರ ಬಣ್ಣದ ಬಟ್ಟಲು ಚೆಲ್ಲಿದ್ರು ಅಂತ ಇವರನ್ನ ಎಷ್ಟು ಗದರಿದ್ರಿ! ನಂಗೆ ಊಟ ಸೇರ್ಲಿಲ್ಲ. ಅದಕ್ಕೇ ಬಂದೆ. ನಿಮಗೆ ಚಿತ್ರದ ಕೆಲಸವೇ ಹೊರೆ ಆಗಿದೆ. ಇವರನ್ನ ನಾನು ನೋಡ್ಕೋತೀನಿ."

ಗದರಿದ್ದು ನಿಜ. "ಅತ್ತೆ, ಏಳಿ, ಮನೆಗೆ ಹೋಗೋಣ," ಎಂದು ಕೈಚಾಚಿದಳು.

ಅತ್ತೆ ಹಿಂದೆ ಸರಿದು ಹೆಂಗಸಿನ ತೋಳು ಹಿಡಿದುಕೊಂಡರು. "ಇವಳು ನನ್ನ ಮಗಳು. ನೀನ್ಯಾರೇ?"

ಹೆಂಗಸು ಮತ್ತೆ ಮುಗುಳ್ನಕ್ಕಳು. ಅತ್ತೆಯ ಭುಜದ ಮೇಲಿದ್ದ ಅವಳ ಕೈ ಬಿಗಿಯಾದದ್ದು ಕಾಣಿಸಿತು. ಎಳೆದಾಡಿದರೆ ನೀರು ಪಕ್ಕದಲ್ಲೇ ಇದೆ. ಚಿತ್ರಗಾರ್ತಿ ಚಾಚಿದ ಕೈ ಹಿಂದೆಗೆದು, ದಿನಾ ಬೆಳಗ್ಗೆ ಮನೆಯಲ್ಲಿ ಆಡುವ ದನಿಯಲ್ಲೇ ಅಂದಳು: "ಹಲ್ಲಿನ ಸೆಟ್ಟು ಎಲ್ಲಿ ಅತ್ತೆ? ಬೊಚ್ಚುಬಾಯಲ್ಲೇ ಊರು ಸುತ್ತೋಕೆ ಬಂದ್ರಾ?"

ಅತ್ತೆಯ ಕೈ ಬಾಯಿಗೆ ಹೋಯಿತು. ಮುಖ ಕೆಂಪಾಯಿತು. "ಬಂದ್ಲು ನೋಡು ನನ್ನ ಸೊಸೆ, ಹುಳುಕು ಹುಡುಕೋಕೆ! ನಡಿಯೇ, ಬಂದೆ," ಎಂದು ಗೊಣಗುತ್ತ ಎದ್ದುಬಂದರು.

ಅವರ ಸೊಂಟ ಬಳಸಿ ಹಿಂದಿರುಗಿ ನೋಡದೆ ನಡೆದಳು. ಬೆನ್ನ ಹಿಂದಿನಿಂದ ದನಿ ಬಂತು: "ಆ ಬೀದಿ ಬೇಡ, ಅಲ್ಲಿ ಇವರು ಎಡವ್ತಾರೆ. ನಿಮಗೇ ಗೊತ್ತಲ್ಲ." ಅರ್ಧ ದಾರಿಯಲ್ಲಿ ಗಂಡ ಓಡಿಬಂದು ತಾಯಿಯನ್ನು ಹಿಡಿದುಕೊಂಡ ಮೇಲೆ ಅವಳಿಗೆ ಅಳು ಒತ್ತರಿಸಿತು.

ಪೊಲೀಸರು ಹೆಂಗಸನ್ನು ಪತ್ತೆಹಚ್ಚಿ ಎಚ್ಚರಿಕೆ ಕೊಟ್ಟು ಬಿಟ್ಟರು. ಮನೆಯಲ್ಲಿ ಒಬ್ಬಳೇ ಆ ವಿಡಿಯೊಗಳನ್ನು ದಿನವಿಡೀ ಹಾಕಿಕೊಂಡು ಕೂರುತ್ತಿದ್ದಳಂತೆ, ಅದರಲ್ಲಿ ಕಂಡ ಬೀದಿಯ ಗುರುತು ಹಿಡಿದೇ ಮನೆ ಹುಡುಕಿದಳಂತೆ. ಸಂಪಾದಕ ಕ್ಷಮೆ ಕೇಳಿ ಎಲ್ಲವನ್ನೂ ಅಳಿಸಿದ. "ಆದ್ರೆ ಯಾರ್ಯಾರು ಫೋನಿಗೆ ಇಳಿಸ್ಕೊಂಡಿದಾರೋ ಹೇಳೋಕಾಗಲ್ಲ ಮೇಡಂ," ಎಂದ. ಕನ್ನಡಕವನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಬೀಗ ಬದಲಾಯಿತು.

ಈಗಲೂ ಬೀದಿಯಲ್ಲಿ ಅಪರಿಚಿತರು ಮುಗುಳ್ನಕ್ಕರೆ ಅವಳು ರಸ್ತೆ ದಾಟಿ ಆಚೆಬದಿಗೆ ಹೋಗುತ್ತಾಳೆ. ಅತ್ತೆಗೆ ಮಾತ್ರ ಬೇರೆಲ್ಲ ಮರೆತರೂ ಅದೊಂದು ಮರೆತಿಲ್ಲ. "ತಲೆ ಬಾಚೋಕೆ ನನ್ನ ಮಗಳು ಬರ್ಲಿಲ್ವೇನೇ ಇವತ್ತು?" ಎಂದು ಬೆಳಗಾದರೆ ಕೇಳುತ್ತಾರೆ. ಅವಳು ಉತ್ತರಿಸುವ ಮೊದಲು ಕಿಟಕಿಗೆ ಹೋಗಿ ಬೀದಿಯ ಎರಡೂ ತುದಿ ನೋಡಿ ಬರುತ್ತಾಳೆ. ಆಮೇಲೆ ಬಾಚಣಿಗೆ ಹಿಡಿದು ಅತ್ತೆಯ ಹಿಂದೆ ಕೂರುತ್ತಾಳೆ.